ಕಾಲಿನ ಒಡವೆಯ ಜಾತಿ

ಕನ್ನಡ ಕಾವ್ಯದಲ್ಲಿ ಎಷ್ಟೋ ಕಡೆ ಹೆಣ್ಣು ಕಣ್ಣಿಗೆ ಬೀಳುವ ಮೊದಲೇ ಅವಳ ಕಾಲಿನ ಸದ್ದು ಕೇಳಿಸಿಬಿಡುತ್ತದೆ. ನೂಪುರ, ಅಂದುಗೆ, ಕಾಲ್ಗಡಗ, ಕಿರುಗೆಜ್ಜೆ ಅಂತ ಹೆಸರು ಬದಲಾಗಬಹುದು. ಹಳಗನ್ನಡದಿಂದ ನವೋದಯದವರೆಗೆ ಸದ್ದು ಮಾತ್ರ ನಿಂತಿಲ್ಲ. ಈ ಸದ್ದಿನ ಬಗ್ಗೆ ನಮ್ಮ ವಿಮರ್ಶೆ ಬರೆದದ್ದೂ ಕಡಿಮೆಯೇನಲ್ಲ. ನಾದ ಎಂದರು, ಲಯ ಎಂದರು, ಶೃಂಗಾರಕ್ಕೆ ಉದ್ದೀಪನ ಎಂದರು. ನಮಗೆ ಎಂ.ಎ. ತರಗತಿಯಲ್ಲಿ ಹಾಗೇ ಪಾಠವಾಯಿತು. ಈಗ ನಾನು ಪಾಠ ಹೇಳುವ ಕಾಲೇಜಿನ ಹುಡುಗರು ಹಿಡಿದು ತರುವ ಗೈಡುಗಳಲ್ಲೂ ಹಾಗೇ ಇದೆ. ಆದರೆ ಆ ಕಾಲು ಯಾರದು, ಬೆಳ್ಳಿ ಯಾರ ಮನೆಯದು, ಸದ್ದು ಯಾರ ಕಿವಿಗೆ ಬೇಕಾಗಿತ್ತು ಅಂತ ಕೇಳಿದ ಪುಟಗಳನ್ನು ಬೆರಳಲ್ಲಿ ಎಣಿಸಬಹುದು. ಈ ಬರಹ ಆ ಪ್ರಶ್ನೆಯದು.

ಕಾಲು ಅಂದಮೇಲೆ ಜಾತಿ ಬಂತು. ಪುರುಷಸೂಕ್ತದ ಲೆಕ್ಕದಲ್ಲಿ ಶೂದ್ರ ಹುಟ್ಟಿದ್ದು ಪಾದದಿಂದ. ನಮಗೆ ಆ ಪಾದದಲ್ಲೂ ಜಾಗವಿಲ್ಲ. ಪಾದದ ಕೆಳಗಿನ ಮಣ್ಣಿನಲ್ಲಿ ಹುಡುಕಿಕೊಳ್ಳಬೇಕು. ಮೈಯನ್ನೇ ಏಣಿ ಮಾಡಿದ ಈ ಸಂಸ್ಕೃತಿಯಲ್ಲಿ ಮೇಲಿನವರ ಪಾದ ಪೂಜೆಗೆ, ಕೆಳಗಿನವರ ಪಾದ ದುಡಿಮೆಗೆ. ಕಿಷ್ಕಿಂಧೆಯಲ್ಲಿ ಸೀತೆಯ ಒಡವೆಯ ಗಂಟು ಬಿಚ್ಚಿದಾಗ ಲಕ್ಷ್ಮಣನಿಗೆ ತೋಳಬಂದಿ ಗುರುತಾಗುವುದಿಲ್ಲ, ಕಿವಿಯೋಲೆ ಗುರುತಾಗುವುದಿಲ್ಲ, ನೂಪುರ ಮಾತ್ರ ಗುರುತಾಗುತ್ತದೆ. ದಿನವೂ ಆ ಪಾದಗಳಿಗೆ ನಮಸ್ಕರಿಸುತ್ತಿದ್ದ ಅನ್ನೋದು ಕಾರಣ. ಹರಿಕಥೆಯವರಿಗೆ ಇದು ಮೈದುನನ ಶೀಲದ ಕಥೆ. ಅವರು ಹೇಳಲಿ ಬಿಡಿ. ಅರಸುಮನೆಯ ಹೆಣ್ಣಿನ ಪಾದ ತಲೆಬಾಗಿ ನೋಡಬೇಕಾದ ಪಾದ ಅನ್ನುವುದೂ ಅದರಲ್ಲೇ ಇದೆಯಲ್ಲ, ಅದನ್ನು ಯಾರೂ ಹೇಳಲಿಲ್ಲ. ಕೇರಿಯ ಹೆಣ್ಣಿನ ಪಾದವನ್ನು ಕವಿ ಹೋಗಲಿ, ಅವಳು ನಾಟಿ ಮಾಡುವ ಗದ್ದೆಯ ಒಡೆಯನೂ ಬಗ್ಗಿ ನೋಡಲಿಲ್ಲ. ಅಲ್ಲಿ ಇದ್ದದ್ದು ಕೆಸರುಹುಣ್ಣು.

ತಮಿಳಿನ ಶಿಲಪ್ಪದಿಗಾರಂ ಇಡೀ ಕಾವ್ಯವೇ ಒಂದು ಕಾಲ್ಕಡಗದ ಮೇಲೆ ನಿಂತಿದೆ. ರಾಣಿಯ ಕಡಗ ಕದ್ದನೆಂದು ಕೋವಲನ್ ಕೊಲೆಯಾಗುತ್ತಾನೆ. ಕಣ್ಣಗಿ ಪಾಂಡ್ಯನ ಸಭೆಗೆ ನುಗ್ಗಿ ತನ್ನ ಕಡಗ ಒಡೆದು ತೋರಿಸುತ್ತಾಳೆ: ರಾಣಿಯದರಲ್ಲಿ ಮುತ್ತು, ಇವಳದರಲ್ಲಿ ಮಾಣಿಕ್ಯ. ನ್ಯಾಯ ಗೆಲ್ಲುತ್ತದೆ, ಮಧುರೆ ಸುಡುತ್ತದೆ. ದೊಡ್ಡ ಕಾವ್ಯ, ಅನುಮಾನವಿಲ್ಲ. ಆದರೂ ಎರಡು ಮಾತು ಕೇಳಬೇಕು. ಒಂದು, ಇಲ್ಲಿ ಕಳ್ಳ ಯಾರು? ಒಡವೆ ಮಾಡುವ ಅಕ್ಕಸಾಲಿ. ಕೈಯಿಂದ ದುಡಿಯುವವನೇ ಕಳ್ಳನಾಗುವುದು ಎಷ್ಟು ಸಲೀಸು ನೋಡಿ. ಇನ್ನೊಂದು, ಕಣ್ಣಗಿ ದೊಡ್ಡ ವರ್ತಕನ ಮಗಳು. ಅವಳ ಕಾಲಲ್ಲಿ ಮಾಣಿಕ್ಯ ತುಂಬಿದ ಕಡಗ ಇದ್ದದ್ದು ಸಭೆಯಲ್ಲಿ ಯಾರಿಗೂ ಅಸಾಧ್ಯ ಅನ್ನಿಸಲಿಲ್ಲ. ಅದೇ ಕಡಗ ಚೇರಿಯ ಹೆಂಗಸಿನ ಕೈಯಲ್ಲಿದ್ದಿದ್ದರೆ ಅದು ಸಾಕ್ಷಿಯಾಗುತ್ತಿತ್ತೆ, ಕಳ್ಳಮಾಲಾಗುತ್ತಿತ್ತೆ? ಒಡವೆ ಸಾಕ್ಷಿ ಹೇಳುವುದು ತೊಟ್ಟವಳ ಜಾತಿ ನೋಡಿಕೊಂಡು.

ಇದರ ಪಕ್ಕದಲ್ಲೇ ಗಂಡಸರ ಕಾಲಿನ ಒಡವೆಯೂ ಇದೆ. ಗಂಡಪೆಂಡೇರ. ಯುದ್ಧ ಗೆದ್ದವನಿಗೆ, ಕಾವ್ಯ ಗೆದ್ದವನಿಗೆ ಅರಸ ತೊಡಿಸುವ ಬಿರುದಿನ ಕಡಗ. ಕೃಷ್ಣದೇವರಾಯ ಅಲ್ಲಸಾನಿ ಪೆದ್ದನನಿಗೆ ತಾನೇ ಕೈಯಾರೆ ತೊಡಿಸಿದ ಅನ್ನುವ ಐತಿಹ್ಯ ತೆಲುಗಿನವರಷ್ಟೇ ಪ್ರೀತಿಯಿಂದ ನಮ್ಮವರೂ ಹೇಳುತ್ತಾರೆ. ಹೆಣ್ಣಿನ ಕಾಲಲ್ಲಿ ಶೀಲ, ಗಂಡಿನ ಕಾಲಲ್ಲಿ ಬಿರುದು. ಕೇರಿಯವರ ಕಾಲಲ್ಲಿ?

ಅದಕ್ಕೂ ಉತ್ತರ ಬರೆದಿಟ್ಟಿದ್ದಾರೆ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಏನೇನು ಅಂತ ಪಟ್ಟಿ ಕೊಡುತ್ತದೆ. ವಾಸ ಊರ ಹೊರಗೆ, ಉಡಲು ಹೆಣದ ಬಟ್ಟೆ, ಉಣ್ಣಲು ಒಡೆದ ಪಾತ್ರೆ, ತೊಡಲು ಕಬ್ಬಿಣದ ಒಡವೆ. ಸಾಮಾನ್ಯವಾಗಿ ನಾವು ಈ ಭಾಗ ಓದುವಾಗ ಊರ ಹೊರಗೆ ಅನ್ನೋದಕ್ಕೆ ನಿಲ್ಲುತ್ತೇವೆ, ಹೆಣದ ಬಟ್ಟೆ ಅನ್ನೋದಕ್ಕೆ ನಿಲ್ಲುತ್ತೇವೆ. ಕಬ್ಬಿಣದ ಒಡವೆಯನ್ನು ಗಮನಿಸದೆ ದಾಟಿಬಿಡುತ್ತೇವೆ. ನನಗೆ ಭಯಂಕರ ಅನ್ನಿಸುವುದು ಅದೇ. ಒಡವೆ ತೊಡಬೇಡಿ ಅಂದಿದ್ದರೆ ಅದು ಬಡತನ. ಕಬ್ಬಿಣದ ಒಡವೆಯನ್ನೇ ತೊಡಿ ಅನ್ನುವುದು ಗುರುತು. ಕೈದಿಗೂ ಕಾಲಿಗೆ ಕಬ್ಬಿಣವೇ ಹಾಕುತ್ತಾರೆ.

ಈ ಪಟ್ಟಿ ಹಳೇ ಪುಸ್ತಕದಲ್ಲಿ ಕೊಳೆಯುತ್ತಾ ಬಿದ್ದಿರಲಿಲ್ಲ. 1930ರ ಡಿಸೆಂಬರಿನಲ್ಲಿ ರಾಮನಾಥಪುರಂ ಸೀಮೆಯ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ 8 ನಿಷೇಧಗಳನ್ನು ಹಾಕಿದರು. ಅದರಲ್ಲಿ ಮೊದಲನೆಯದು ಚಿನ್ನ ಬೆಳ್ಳಿಯ ಒಡವೆ ತೊಡಬಾರದು ಅನ್ನೋದು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೆ ಇಳಿಯಬಾರದು. ಮೀರಿದವರ ಗುಡಿಸಲು ಸುಟ್ಟರು, ಕಣಜ ಹಾಳುಮಾಡಿದರು, ದನಕರು ಲೂಟಿ ಮಾಡಿದರು. ಮುಂದಿನ ವರ್ಷ ಆ ನಿಷೇಧಗಳು 11 ಆದವು. ಹೆಂಗಸರು ತಾಮ್ರ ಹಿತ್ತಾಳೆಯ ಕೊಡದಲ್ಲಿ ನೀರು ತರಬಾರದು, ಮಣ್ಣಿನ ಮಡಕೆಯಲ್ಲೇ ತರಬೇಕು ಅನ್ನೋದೂ ಸೇರಿತು. 1931ರ ಜನಗಣತಿಯ ಮುಖ್ಯಸ್ಥನಾಗಿದ್ದ ಜೆ.ಎಚ್. ಹಟನ್ ಇದನ್ನೆಲ್ಲ ದಾಖಲಿಸಿದ್ದಾನೆ. ಲೋಹಕ್ಕೇ ಜಾತಿ ಕಟ್ಟಿದರು ಅಂದರೆ ಅತಿಶಯೋಕ್ತಿಯಲ್ಲ.

ಇಲ್ಲೊಂದು ಮಾತು. ಕಾಲಿಗೆ ಚಿನ್ನ ಹಾಕಬಾರದು, ಚಿನ್ನ ಲಕ್ಷ್ಮಿ, ಅದಕ್ಕೇ ಬೆಳ್ಳಿ ಅಂತ ನಮ್ಮ ಮನೆಗಳಲ್ಲೂ ಈಗ ಹೇಳುತ್ತಾರೆ. ಲಕ್ಷ್ಮಿಗೆ ಅವಮಾನವಾಗದಂತೆ ನೋಡಿಕೊಳ್ಳುವ ಕಷ್ಟ ನಮ್ಮ ಹಿರಿಯರಿಗೆ ಯಾವತ್ತೂ ಬರಲಿಲ್ಲ.

ಇಂದೂರಿನ ಬಲಾಯಿಗಳ ಪ್ರಕರಣ ಇನ್ನೂ ಹತ್ತಿರದ್ದು. ಅಂಬೇಡ್ಕರ್ ತಮ್ಮ 'ಜಾತಿ ವಿನಾಶ'ದಲ್ಲಿ (1936) ಅದನ್ನು ಎತ್ತಿಕೊಂಡಿದ್ದಾರೆ. ಇಂದೂರು ಜಿಲ್ಲೆಯ ಹದಿನೈದಕ್ಕೂ ಹೆಚ್ಚು ಹಳ್ಳಿಗಳ ಮೇಲ್ಜಾತಿಯವರು ಬಲಾಯಿ ಅಸ್ಪೃಶ್ಯರಿಗೆ ಶರತ್ತು ಹಾಕಿದರು: ಗಂಡಸರು ಜರಿಯಂಚಿನ ರುಮಾಲು ಸುತ್ತಬಾರದು, ಹೆಂಗಸರು ಚಿನ್ನ ಬೆಳ್ಳಿಯ ಒಡವೆ ತೊಡಬಾರದು, ಮೇಲ್ಜಾತಿಯ ಹೆರಿಗೆಗೆಲ್ಲ ಬಂದು ಚಾಕರಿ ಮಾಡಬೇಕು. ಬಲಾಯಿಗಳು ಒಪ್ಪಲಿಲ್ಲ. ಬಾವಿ ಮುಚ್ಚಿತು, ದನ ಮೇಯಿಸುವುದು ನಿಂತಿತು, ಮನೆಮಠ ಬಿಟ್ಟು ಗುಳೆ ಹೋಗಬೇಕಾಯಿತು. ಈ ಸುದ್ದಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಬಂದದ್ದು 1928ರ ಜನವರಿ 4ರಂದು.

ಆ ತಾರೀಖನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತು ದಿನ ಹಿಂದಕ್ಕೆ ಬನ್ನಿ. 1927ರ ಡಿಸೆಂಬರ್ 25, ಮಹಾಡ್. ಕೆರೆಯ ನೀರಿನ ಹೋರಾಟದ ಎರಡನೇ ಸಮಾವೇಶ. ಆ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಕಬ್ಬಿಣದ ಒಡವೆಯ ಆ ಪಟ್ಟಿಯೂ ಅದರೊಳಗೇ ಸುಟ್ಟಿತು. ಅದೇ ಸಮಾವೇಶದ ದಿನಗಳಲ್ಲಿ ಅಂಬೇಡ್ಕರ್ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿದರು. ಮಕ್ಕಳನ್ನು ಶಾಲೆಗೆ ಕಳಿಸಿ ಅಂದರು, ಸ್ವಚ್ಛವಾಗಿರಿ ಅಂದರು, ಜೊತೆಗೆ ಬಟ್ಟೆ ಒಡವೆಯ ಮಾತೂ ಆಡಿದರು. ಮೊಣಕಾಲಿನ ಹತ್ತಿರಕ್ಕೆ ಎತ್ತಿ ಕಟ್ಟುವ ಸೀರೆ, ಕೊರಳ ತುಂಬ ಸರ, ಮೊಣಕೈವರೆಗೆ ಬೆಳ್ಳಿ ಅಥವಾ ತವರದ ಬಳೆ, ಇವೇ ನಿಮ್ಮ ಜಾತಿಯನ್ನು ದೂರದಿಂದ ಹೇಳಿಬಿಡುತ್ತವೆ, ಬಿಟ್ಟುಬಿಡಿ ಅನ್ನುವುದು ಅವರ ಮಾತಿನ ತಿರುಳು. ತೊಡಲೇಬೇಕು ಅಂದರೆ ಚಿನ್ನದ್ದು ತೊಡಿ, ಇಲ್ಲದಿದ್ದರೆ ಬೇಡ ಅಂದರು. ಹೆಂಗಸರು ತಡಮಾಡಲಿಲ್ಲ. ಅಲ್ಲೇ ಸೀರೆಯ ಅಂಚು ಹಿಮ್ಮಡಿಯವರೆಗೆ ಇಳಿಯಿತು.

ಒಂದು ಕಡೆ ಒಡವೆ ಬಿಡಿ ಅನ್ನುವ ನಾಯಕ. ಇನ್ನೊಂದು ಕಡೆ ಒಡವೆ ತೊಡುತ್ತೇವೆ ಅಂತ ನಿಂತು ಊರು ಬಿಟ್ಟ ಬಲಾಯಿಗಳು. ಹತ್ತೇ ದಿನದ ಅಂತರ. ನಮ್ಮ ಚಳವಳಿಯ ಗೆಳೆಯರಲ್ಲಿ ಕೆಲವರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಒಡವೆ ಅಂದರೆ ಹೆಣ್ಣಿನ ಗುಲಾಮಗಿರಿ, ಮುಗೀತು ಅಂತಾರೆ. ಇಷ್ಟು ಸುಲಭದಲ್ಲಿ ಮುಗಿಸಬಾರದು. ಅಂಬೇಡ್ಕರ್ ಬಿಡಿ ಅಂದದ್ದು ಒಡವೆಯನ್ನಲ್ಲ, ಗುರುತನ್ನು. ಇಲ್ಲದಿದ್ದರೆ ಚಿನ್ನದ ಮಾತೇ ಬರುತ್ತಿರಲಿಲ್ಲ. ಬಲಾಯಿ ಹೆಂಗಸರು ಬೇಕು ಅಂದದ್ದೂ ಬರೀ ಬೆಳ್ಳಿಯನ್ನಲ್ಲ. ಏನು ತೊಡಬೇಕು ಅಂತ ಊರು ಹೇಳಕೂಡದು ಅನ್ನುವುದು ಎರಡೂ ಕಡೆ ಇದೆ. ಕೇರಳದಲ್ಲಿ 1915ರಲ್ಲಿ ಪುಲಯ ಹೆಂಗಸರು ತಮ್ಮ ಜಾತಿಗೆ ಕಡ್ಡಾಯವಾಗಿದ್ದ ಕಲ್ಲಿನ ಮಣಿಸರಗಳನ್ನು ಅಯ್ಯಂಕಾಳಿಯ ಕರೆಯಂತೆ ಕೊಲ್ಲಂನ ಸಭೆಯಲ್ಲಿ ಕಿತ್ತು ರಾಶಿ ಹಾಕಿದರಲ್ಲ, ಅದೂ ಇದೇ ಮಾತು. ಹಳೇ ಕಾಲದ್ದು ಅಂತ ಯಾರಾದರೂ ಅಂದರೆ, 2018ರ ಜೂನ್‌ನಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ 13 ವರ್ಷದ ದಲಿತ ಹುಡುಗನೊಬ್ಬ ಕಾಲಿಗೆ ಮೋಜಡಿ, ಕೊರಳಿಗೆ ಸರ ಹಾಕಿಕೊಂಡಿದ್ದಕ್ಕೆ ಹೊಡೆತ ತಿಂದ.

ನಮ್ಮಜ್ಜಿಗೆ ಒಂದು ಜೊತೆ ತಿರುಪಿನ ಬೆಳ್ಳಿ ಕಡಗ ಇತ್ತು. ಅವಳಿಗೆ ಮಹಾಡ್ ಗೊತ್ತಿರಲಿಲ್ಲ. ಕೇರಿಯೊಳಗೆ ಕಡಗ ಕಾಲಲ್ಲಿರುತ್ತಿತ್ತು. ಊರೊಳಗಿನ ಬೀದಿಗೆ ಹೋಗಬೇಕಾದಾಗ ತಿರುಪು ಬಿಚ್ಚಿ ಮಡಿಲಿಗೆ ಕಟ್ಟಿಕೊಳ್ಳುತ್ತಿದ್ದಳಂತೆ. ಯಾರೂ ಬಿಚ್ಚು ಅಂತ ಹೇಳಿರಲಿಲ್ಲ. ಹೇಳುವವರೆಗೆ ಕಾಯುವುದು ಯಾಕೆ ಅನ್ನೋದು ಅವಳ ಲೆಕ್ಕ. ಆ ಕಡಗ ಅವಳ ಕಾಲಲ್ಲಿದ್ದದ್ದಕ್ಕಿಂತ ಸಾವಕಾರನ ಪೆಟ್ಟಿಗೆಯಲ್ಲಿದ್ದದ್ದೇ ಹೆಚ್ಚು. ಮಗಳ ಬಾಣಂತನಕ್ಕೆ ಅಡ, ಅಪ್ಪನ ಹಾಸ್ಟೆಲಿನ ಟ್ರಂಕಿಗೆ ಅಡ. ಪ್ರತಿ ಸಲ ಬಿಡಿಸಿಕೊಂಡು ತಂದಾಗ ತೂಕ ಚೂರು ಕಮ್ಮಿ ಅನ್ನಿಸುತ್ತಿತ್ತಂತೆ. ತೂಗುವ ತಕ್ಕಡಿ ಅವನದೇ. ಕೊನೆಗೊಂದು ಸಲ ಬಿಡಿಸಿಕೊಳ್ಳಲೇ ಇಲ್ಲ. ಇದನ್ನು ಕಣ್ಣೀರಿಗೆ ಹೇಳುತ್ತಿಲ್ಲ. ಭೂಮಿ ಇಲ್ಲದವರಿಗೆ, ಬ್ಯಾಂಕು ಒಳಗೆ ಬಿಡದವರಿಗೆ ಕಾಲಿನ ಬೆಳ್ಳಿಯೇ ಬ್ಯಾಂಕು. ಇದನ್ನು ಬಿಟ್ಟು ಕೆಳಜಾತಿ ಹೆಣ್ಣಿನ ಒಡವೆಯ ಬಗ್ಗೆ ಸೌಂದರ್ಯಮೀಮಾಂಸೆ ಬರೆಯಲು ಬರುವುದಿಲ್ಲ. ಲಂಬಾಣಿ ತಾಂಡಾದ ದಪ್ಪ ಕಡಗಗಳು ಇವತ್ತು ದೊಡ್ಡ ಊರುಗಳ ಕುಶಲವಸ್ತು ಅಂಗಡಿಗಳಲ್ಲಿ ಬುಡಕಟ್ಟು ಕಲೆ ಅಂತ ತೂಗುಹಾಕಿಕೊಂಡಿವೆ. ಅವು ಅಲ್ಲಿಗೆ ಬಂದ ದಾರಿಯಲ್ಲಿ ಎಷ್ಟು ಬರಗಾಲ, ಎಷ್ಟು ಅಡವು ಇದ್ದವು ಅಂತ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಕಾಲುಂಗುರದ ಮಾತು ಬೇಗ ಮುಗಿಸುತ್ತೇನೆ. ಅದರ ಬಗ್ಗೆ ಈಗ ವಿಜ್ಞಾನ ಶುರುವಾಗಿದೆ. ಕಾಲಿನ ಎರಡನೇ ಬೆರಳಿನಿಂದ ಗರ್ಭಕೋಶಕ್ಕೆ ನೇರ ನರ ಹೋಗುತ್ತದಂತೆ, ಉಂಗುರ ಅದನ್ನು ಒತ್ತುತ್ತದಂತೆ. ಅಂಥ ನರ ಯಾವ ಅಂಗರಚನಾ ಪುಸ್ತಕದಲ್ಲೂ ಇಲ್ಲ. ನನ್ನ ಬರಿಗಾಲಿನ ಬೆರಳು ನೋಡಿ ಸ್ಟಾಫ್ ರೂಮಿನಲ್ಲಿ ಒಬ್ಬರು ಈ ನರದ ಪಾಠ ಹೇಳಿದರು. ಗಂಡ ಸತ್ತ ದಿನ ಅದೇ ಉಂಗುರ ಕೀಳುತ್ತಾರಲ್ಲ, ಆಗ ನರ ಎಲ್ಲಿ ಹೋಗುತ್ತೆ ಅಂತ ಕೇಳಿದೆ, ಉತ್ತರ ಬರಲಿಲ್ಲ. ನಮ್ಮಲ್ಲಿ, ನಮ್ಮಂಥ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳಿಗೆ, ಬಿಟ್ಟವಳಿಗೆ ಕೂಡಿಕೆ, ಉಡಿಕೆ ಅಂತ ಮರುಮದುವೆಯ ದಾರಿ ಇತ್ತು. ಕಾಲುಂಗುರ ಹೋದರೆ ಬದುಕೇ ಹೋಯಿತು ಅನ್ನುವುದು ಒಂದು ಜಾತಿಯ ದುಃಖ. ಸಿನಿಮಾ, ಸೀರಿಯಲ್ಲು, ಪಠ್ಯ ಸೇರಿ ಅದನ್ನು ಭಾರತೀಯ ನಾರಿಯ ದುಃಖ ಮಾಡಿವೆ. ನಾವೂ ಉಡಿಕೆಯನ್ನು ನಾಚಿಕೆಯೆಂದು ಮುಚ್ಚಿಟ್ಟು ಆ ದುಃಖವನ್ನು ಕಡ ತರುತ್ತಿದ್ದೇವೆ.

ಇಲ್ಲಿಯವರೆಗೆ ತೊಡಬಾರದು ಅನ್ನುವ ಲೋಹದ ಕಥೆ. ತೊಡಲೇಬೇಕು ಅನ್ನುವ ಲೋಹದ ಕಥೆ ಇನ್ನೂ ದೊಡ್ಡದು.

5ನೇ ಶತಮಾನದ ಆರಂಭದಲ್ಲಿ ಬಂದ ಚೀನಾದ ಯಾತ್ರಿಕ ಫಾಹಿಯಾನ್ ಬರೆಯುತ್ತಾನೆ: ಚಂಡಾಲರು ಪೇಟೆಯೊಳಗೆ ಬರುವಾಗ ಮರದ ತುಂಡು ಬಡಿದು ಸದ್ದು ಮಾಡಬೇಕು, ಕೇಳಿದವರು ಸರಿದು ಹೋಗಬೇಕು. ಗೆಜ್ಜೆಯ ನಾದದ ಬಗ್ಗೆ ಬರೆಯುವ ವಿಮರ್ಶಕರು ಈ ಮರದ ಸದ್ದನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಮೇಲ್ಜಾತಿ ಮನೆಯ ಸೊಸೆಯ ಕಾಲ್ಗೆಜ್ಜೆ ಅವಳು ಯಾವ ಕೋಣೆಯಲ್ಲಿದ್ದಾಳೆ ಅಂತ ಅತ್ತೆಗೆ ಹೇಳುತ್ತದೆ. ಅದೂ ಕಾವಲಿನ ಸದ್ದೇ, ಅವಳ ಮೇಲೆ ನನಗೆ ಕನಿಕರ ಇದೆ. ಆದರೆ ಅವಳ ಸದ್ದು ಕೇಳಿದರೆ ಯಾರೂ ಮೂಗು ಮುಚ್ಚಿ ಓಡುವುದಿಲ್ಲ.

ನಮ್ಮ ಜನರ ಕಾಲಿನ ಗೆಜ್ಜೆ ಸೇವೆಯ ಗೆಜ್ಜೆ. ದುರುಗಮುರಗಿಯವನು ಗೆಜ್ಜೆ ಕಟ್ಟಿ ಬಾರುಕೋಲಿನಿಂದ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಾನೆ, ಹೆಂಡತಿ ತಲೆಯ ಮೇಲೆ ದೇವರ ಪೆಟ್ಟಿಗೆ ಹೊತ್ತು ಹಿಂದೆ ಬರುತ್ತಾಳೆ. ಹೊಡೆತದ ಲೆಕ್ಕದ ಮೇಲೆ ಕಾಳು ಬೀಳುತ್ತದೆ. ಇನ್ನು ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು. ಬಹುಪಾಲು ಹೊಲಗೇರಿ, ಮಾದಿಗಕೇರಿಗಳವರು. 1982ರಲ್ಲಿ ಕರ್ನಾಟಕ ಕಾನೂನು ಮಾಡಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ 46 ಸಾವಿರಕ್ಕೂ ಮಿಕ್ಕಿ ಹೆಂಗಸರನ್ನು ಲೆಕ್ಕ ಹಿಡಿದವು. 2015ರ ತಿದ್ದುಪಡಿಯಲ್ಲಿ ಪರಿಶಿಷ್ಟ ಹೆಣ್ಣನ್ನು ದೇವದಾಸಿಯಾಗಿ ಬಿಡುವುದು ದೌರ್ಜನ್ಯ ತಡೆ ಕಾಯಿದೆಯ ಕೆಳಗೆ ಅಪರಾಧವಾಯಿತು.

ಕನ್ನಡ ಓದುಗನಿಗೆ ಈ ವಿಷಯ ಅಂದರೆ ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ಅದರ ಮೇಲೆ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ಚಂದ್ರಾ ಪಾತ್ರದ ಕಲ್ಪನಾಗಾಗಿ ನಾಡೇ ಅತ್ತಿತು. ಆ ಕಥೆಗೆ ಅದರದೇ ಧೈರ್ಯ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಮರ್ಯಾದಸ್ಥ ಬೀದಿಯ ಪಕ್ಕದ ಮನೆಗೆ ಸೊಸೆಯಾಗಬೇಕೆಂದು ಬಯಸಿದ ಹುಡುಗಿಯ ಕಥೆ. ಆ ಬೀದಿಯ ಮರ್ಯಾದೆ ಎಲ್ಲಿಂದ ಬಂತು ಅಂತ ಕಥೆ ಗಟ್ಟಿಯಾಗಿ ಕೇಳುವುದಿಲ್ಲ. ಮುತ್ತು ಕಟ್ಟಿಸಿಕೊಂಡವಳಿಗೆ ಬೀದಿಯೇ ಇಲ್ಲ. ಗೆಜ್ಜೆ ಒಬ್ಬ ಒಳ್ಳೆಯ ಹುಡುಗಿಯ ದುರಂತವಾದಾಗ ಅದು ಸಾವಿರಾರು ಜನರ ಜಾತಿಕಸುಬು ಅನ್ನೋದು ಮರೆಗೆ ಸರಿಯುತ್ತದೆ.

ಇತ್ತ ಅದೇ ಗೆಜ್ಜೆ ಇನ್ನೊಂದು ದಾರಿ ಹಿಡಿದು ಸಭಾಂಗಣ ಸೇರಿತು. ದೇವದಾಸಿಯರ ಸದಿರ್ 1930ರ ದಶಕದಲ್ಲಿ ಭರತನಾಟ್ಯವಾಯಿತು, 1936ರಲ್ಲಿ ಕಲಾಕ್ಷೇತ್ರ ಬಂತು. 1947ರ ಮದರಾಸು ಕಾಯಿದೆ ಹಳಬರ ಕಾಲಿನ ಗೆಜ್ಜೆ ಬಿಚ್ಚಿಸಿದ ಹೊತ್ತಿಗೆ ಹೊಸಬರ ಕಾಲಿಗೆ ಅದು ಕಟ್ಟಿ ಆಗಿತ್ತು. ರಂಗಪ್ರವೇಶಕ್ಕೆ ಮೊದಲು ಗೆಜ್ಜೆಯನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅನೇಕ ಸಲ ಆ ಹಿತ್ತಾಳೆ ಗೆಜ್ಜೆಗಳನ್ನು ಹೊಲಿದಿರುವುದು ಚರ್ಮದ ಪಟ್ಟಿಯ ಮೇಲೆ. ಚರ್ಮ ಹದಮಾಡಿ ಹೊಲಿದವನನ್ನು ಆ ದೇವರ ಕೋಣೆಗೆ ಕರೆದವರುಂಟೆ? ಹರಳಯ್ಯ ಕಲ್ಯಾಣಮ್ಮರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಹೊಲಿದರು ಅನ್ನುವ ಕಥೆ ನೆನೆಯಿರಿ. ಆ ಚರ್ಮ ಮೆಟ್ಟಬಾರದವನ ಕಾಲನ್ನು ಸುಟ್ಟಿತು ಅನ್ನುತ್ತದೆ ಜನರ ನೆನಪು. ಡಿ.ಆರ್. ನಾಗರಾಜ್ 1993ರಲ್ಲಿ ದಲಿತ ಚಳವಳಿಯ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕಕ್ಕೆ ಉರಿಯುವ ಪಾದ ಅನ್ನುವ ಅರ್ಥದ ಹೆಸರಿಟ್ಟರು. ಗೆಜ್ಜೆಯ ಕೆಳಗಿನ ಚರ್ಮ ಮಾತ್ರ ಇನ್ನೂ ತಣ್ಣಗೇ ಇದೆ.

ತುಳುನಾಡಿನ ಗಗ್ಗರಕ್ಕೆ ಬರುತ್ತೇನೆ. ಗಗ್ಗರ ಅಂದರೆ ಒಳಗೆ ಟೊಳ್ಳಿರುವ, ಗುಂಡು ಹಾಕಿದ, ತೂಕದ ಕಾಲ್ಕಡಗ. ನಲಿಕೆ, ಪರವ, ಪಂಬದ ಜಾತಿಯವರು, ಎಲ್ಲರೂ ಪರಿಶಿಷ್ಟರ ಪಟ್ಟಿಯಲ್ಲಿರುವವರು, ಭೂತಕೋಲದಲ್ಲಿ ಅದನ್ನು ತೊಡುತ್ತಾರೆ. ಸುಮ್ಮನೆ ತೊಡುವಂತಿಲ್ಲ, ಸೇರಿದ ಗುತ್ತು ಬರ್ಕೆಯ ಯಜಮಾನರ ಒಪ್ಪಿಗೆ ಬೇಕು. ಗಗ್ಗರ ಕಾಲಿಗೇರಿ ಆವೇಶ ಬಂದಮೇಲೆ ಅವನು ದೈವ. ಅದೇ ಯಜಮಾನರು ಕೈಮುಗಿದು ನಿಲ್ಲುತ್ತಾರೆ, ಅವನು ಗದರಿದರೆ ತಲೆ ತಗ್ಗಿಸುತ್ತಾರೆ, ಜಮೀನಿನ ತಕರಾರು ಅವನ ನುಡಿಯಲ್ಲಿ ತೀರ್ಮಾನವಾಗುವುದೂ ಉಂಟು. ಬೆಳಗಿನ ಜಾವ ಗಗ್ಗರ ಬಿಚ್ಚಿದರೆ ಮತ್ತೆ ನಲಿಕೆ, ಮತ್ತೆ ಪಂಬದ. ಇದನ್ನು ತಲೆಕೆಳಗಾದ ಲೋಕ, ದಮನಿತರ ಪ್ರತಿರೋಧ ಅಂತ ನಮ್ಮ ಸೆಮಿನಾರುಗಳಲ್ಲಿ ಮೆಚ್ಚಿಕೊಳ್ಳುವುದಿದೆ. ಒಪ್ಪಿಗೆ ಕೊಡುವವನೂ ಯಜಮಾನ, ವೀಳ್ಯ ಕೊಡುವವನೂ ಯಜಮಾನ. ಒಂದು ರಾತ್ರಿಗೆ ಅಂತ ಕೊಟ್ಟ ಅಧಿಕಾರವನ್ನು ಬೆಳಿಗ್ಗೆ ಲೆಕ್ಕ ಮಾಡಿ ವಾಪಸು ತೆಗೆದುಕೊಳ್ಳುತ್ತಾರೆ. 2022ರಲ್ಲಿ 'ಕಾಂತಾರ' ಬಂದು ಗಗ್ಗರದ ಸದ್ದು ದೇಶಕ್ಕೆಲ್ಲ ಕೇಳಿತು. ಅದೇ ವರ್ಷ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಸಿನಿಮಾದ ಗಳಿಕೆ ಎಷ್ಟು ಕೋಟಿ ಅಂತ ಪೇಪರಿನವರು ದಿನಾ ಬರೆಯುತ್ತಿದ್ದರು.

ಹಾಗಂತ ಗಗ್ಗರ ಬರೀ ಯಜಮಾನರ ಆಟ ಅಂತಲೂ ನಾನು ಹೇಳಲಾರೆ. ಯಾಕೆಂದರೆ ಪಾಡ್ದನ ಇದೆ. ಕಾರ್ಕಳದ ಗೊಮ್ಮಟನನ್ನು (1432) ಕಡೆದ ಕಲ್ಕುಡನ ಕಥೆ ತಗೊಳ್ಳಿ. ಇಂಥದ್ದನ್ನು ಇನ್ನೊಂದು ಕಡೆ ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬರುತ್ತಾಳೆ. ಇಬ್ಬರೂ ದೈವವಾಗಿ ಅರಸನನ್ನು ಕಾಡುತ್ತಾರೆ. ವಿಗ್ರಹದ ಬಗ್ಗೆ ಶಾಸನ ಅರಸನ ಹೆಸರು ಹೇಳಿತು. ಕಡಿದ ಕಾಲಿನ ಹೆಸರು ಉಳಿದದ್ದು ಪಾಡ್ದನದಲ್ಲಿ, ಅದನ್ನು ಬಾಯಲ್ಲಿಟ್ಟು ಕಾಪಾಡಿದ ಹೆಂಗಸರಲ್ಲಿ. ಕಾಲು ಕಳಕೊಂಡ ಕಸುಬುದಾರನ ಹೆಸರಿನಲ್ಲಿ ಪಂಬದ ಕಾಲಿಗೆ ಗಗ್ಗರ ಕಟ್ಟಿ ನಿಂತಾಗ ಆ ಸದ್ದು ಲಯವೂ ಅಲ್ಲ, ಉದ್ದೀಪನವೂ ಅಲ್ಲ. ಅದು ದೂರು.

ಪಾಡ್ದನಗಳನ್ನು ನಮ್ಮ ವಿಶ್ವವಿದ್ಯಾಲಯಗಳು ಜಾನಪದ ಪತ್ರಿಕೆಗೆ ಸೇರಿಸಿವೆ, ರಾಮಾಯಣ ಶಿಲಪ್ಪದಿಗಾರಂಗಳು ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿವೆ. ಎರಡೂ ಒಂದೇ ಮೇಜಿಗೆ ಬರುವುದೇ ಇಲ್ಲ. ನನ್ನ ಕೈಯಲ್ಲಿರುವುದು ಕಿರುಪರೀಕ್ಷೆಯ 10 ಅಂಕ ಮಾತ್ರ. ಈ ಸಲ ಅದರಲ್ಲಿ ಲಕ್ಷ್ಮಣ ಗುರುತಿಸಿದ ನೂಪುರ, ಕಲ್ಕುಡನ ಕಡಿದ ಕಾಲು, ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದ್ದೇನೆ. ಉತ್ತರ ಯಾವ ಗೈಡಿನಲ್ಲಿದೆ ಮೇಡಂ ಅಂತ ಹುಡುಗರು ಹುಡುಕಾಡುತ್ತಿದ್ದಾರೆ.